ಅಮ್ಮನ ಶ್ವಾಸಕೋಶದ ರಕ್ತನಾಳದಲ್ಲಿ ಕೊಲಾಜೆನ್ ಸೇರಿದೆಯಂತೆ. ಕೊಲಾಜೆನ್ ಪುಡಿ ಕೊಟ್ಟಿದ್ದೇ ತಪ್ಪಾಯ್ತಾ?

ಆಲ್ದೂರು ಕಣ

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ನಮ್ಮದು ಆರು ಎಕರೆ ಕಾಫಿ. ಅಮ್ಮನಿಗೆ 54 ವರ್ಷ. ಕಾಫಿ ಕಣದಿಂದ ನಮ್ಮ ಜಗಲಿಗೆ 14 ಮೆಟ್ಟಿಲು. ಹೋದ ವರ್ಷ ಹಣ್ಣು ಒಣಗಿಸುವಾಗ ಅಮ್ಮ ಏಳನೇ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಈ ಸಲ ನಾಲ್ಕನೆಯದಕ್ಕೇ ಕೂತುಬಿಟ್ಟರು. ರಾತ್ರಿ ಮಲಗಲು ಮೂರು ದಿಂಬು ಬೇಕು.

ಒಂದು ಕ್ಲಿನಿಕ್‌ನಲ್ಲಿ ಎರಡು ವರ್ಷ ಅಸ್ತಮಾ ಅಂತ ಪಫ್ ಕೊಟ್ಟರು. ನಾವೂ ನಂಬಿದೆವು. ಬಚ್ಚಲೊಲೆಗೆ ಉರಿ ಹಾಕುವುದು ಅವರೇ, ಹೊಗೆ ಕುಡಿದು ಹೀಗಾಗಿದೆ ಅಂದುಕೊಂಡೆವು. ಹೋದ ವಾರ ಚಿಕ್ಕಮಗಳೂರಲ್ಲಿ ಎಕೋ ಮಾಡಿಸಿದಾಗ ಗೊತ್ತಾಯಿತು, ಹೃದಯದ ಎಡಗಡೆಯ ಮೈಟ್ರಲ್ ಕವಾಟ ಕಿರಿದಾಗಿದೆಯಂತೆ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದಿರಬೇಕು ಎಂದರು. ಅದರಿಂದ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದೆ, ಪಿಎಎಸ್‌ಪಿ 68. ನಾಳದ ಗೋಡೆಯೂ ದಪ್ಪವಾಗಿರುತ್ತದೆ, ಬಲೂನ್ ಹಾಕಿ ಕವಾಟ ಬಿಡಿಸಬೇಕು ಎಂದು ಹೇಳಿ ಕಳಿಸಿದರು.

ಮನೆಗೆ ಬಂದು ನೆಟ್ಟಲ್ಲಿ ನೋಡಿದೆ. ಗೋಡೆ ದಪ್ಪವಾಗುವುದು ಕೊಲಾಜೆನ್ ತುಂಬಿಕೊಂಡು ಎಂದು ಬರೆದಿತ್ತು. ಎದೆ ಧಸಕ್ ಎಂದಿತು. ಮಂಡಿ ನೋವಿಗೆ ಒಳ್ಳೆಯದು ಅಂತ ತಂಗಿ ಬೆಂಗಳೂರಿಂದ ಕೊಲಾಜೆನ್ ಪುಡಿ ತಂದುಕೊಟ್ಟಿದ್ದಾಳೆ. ಆರು ತಿಂಗಳಿಂದ ದಿನಾ ಒಂದು ಚಮಚ ಹೋಗುತ್ತಿದೆ. ಸಾಲದ್ದಕ್ಕೆ ಭಾನುವಾರ ನನ್ನ ಕೈಯಡುಗೆ ಕಾಲು ಸೂಪ್ ಬೇರೆ. ಇದೇ ಹೋಗಿ ಅಲ್ಲಿ ಕೂತಿತಾ? ಬಲೂನ್ ಆದಮೇಲೆ ಅದು ಕರಗುತ್ತಾ? ಇನ್ನೊಂದು ವಿಷಯ, ಪಕ್ಕದ ತೋಟದವರಿಗೆ ಇದೇ ಒತ್ತಡಕ್ಕೆ ಸಿಲ್ಡೆನಾಫಿಲ್ ಮಾತ್ರೆ ಕೊಟ್ಟಿದ್ದಾರೆ. ನಮಗೆ ಯಾಕೆ ಬರೆದುಕೊಟ್ಟಿಲ್ಲ?

ಹಾಸನದ ದನದ ಡಾಕ್ಟ್ರು

ನಾನು ರಿಟೈರ್ ಆದ ದನದ ಡಾಕ್ಟರು. ಅಮ್ಮನ ಚಿಕಿತ್ಸೆಗೆ ಅವರ ಡಾಕ್ಟರ ಮಾತೇ ಮಾತು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಆದರೆ ಕೊಲಾಜೆನ್ ಅಂದರೆ ಸುಮ್ನೆ ಕೂರಲಾರೆ. ತೊಗಲು, ಮೂಳೆ, ಸ್ನಾಯುರಜ್ಜು ಎಲ್ಲಾ ಅದೇ ಅಲ್ವಾ?

ಮೊದಲು ಸೂಪಿನ ಮಾತು. ಉಳಿದ ಕಾಲು ಸೂಪ್ ಬೆಳಿಗ್ಗೆ ಪಾತ್ರೆಯಲ್ಲಿ ಹೆಪ್ಪುಗಟ್ಟಿ ತಳತಳ ಅನ್ನುತ್ತದಲ್ಲ, ಅದು ಬೆಂದ ಕೊಲಾಜೆನ್. ಹೊಟ್ಟೆಗೆ ಹೋದಮೇಲೆ ಅದು ಬೇಳೆ, ಮೊಟ್ಟೆಯ ಪ್ರೋಟೀನಿನ ಹಾಗೆಯೇ ಚೂರು ಚೂರಾಗುತ್ತದೆ. ಚಮಚದಲ್ಲಿದ್ದದ್ದು ಇಡಿಯಾಗಿ ಹೋಗಿ ರಕ್ತನಾಳಕ್ಕೆ ಮೆತ್ತಿಕೊಳ್ಳುವುದಿಲ್ಲ. ನಿಮ್ಮ ತಂಗಿ ಮೇಲೆ ಕೋಪ ಬೇಡ.

ಅಮ್ಮನ ನಾಳದಲ್ಲಿರುವ ಕೊಲಾಜೆನ್ ಅಲ್ಲೇ ತಯಾರಾದದ್ದು. ಕೆರೆಯ ತೂಬು ಕಟ್ಟಿಕೊಂಡರೆ ನೀರು ಹಿಂದಕ್ಕೆ ಏರುತ್ತದೆ. ಹಾಗೆಯೇ ಕವಾಟ ದಾಟಲಾಗದ ರಕ್ತ ಶ್ವಾಸಕೋಶದ ಕಡೆಗೆ ಒತ್ತುತ್ತದೆ. ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ. ಶ್ವಾಸಕೋಶದ ನಾಳಗಳು ಹುಟ್ಟಿನಿಂದ ತೆಳು ಗೋಡೆಯವು, ಕಡಿಮೆ ಒತ್ತಡಕ್ಕೆ ಒಗ್ಗಿದವು. ಅಲ್ಲಿ ಸರಾಸರಿ ಒತ್ತಡ 14 ಮಿಲಿಮೀಟರ್ ಆಸುಪಾಸು, 20 ದಾಟಿದರೆ ಜಾಸ್ತಿ ಎಂದು ಲೆಕ್ಕ. (ನಿಮ್ಮ 68 ಅನ್ನುವುದು ಹೃದಯ ಬಡಿದಾಗಿನ ತುತ್ತತುದಿಯ ಒತ್ತಡ, ಸರಾಸರಿ ಅಲ್ಲ. ಅದನ್ನು ಈ 20ರ ಪಕ್ಕ ಇಟ್ಟು ಗಾಬರಿಯಾಗಬೇಡಿ.) ಹರಿದುಹೋಗಬಾರದು ಎಂದು ಗೋಡೆ ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಮಧ್ಯದ ಪದರದ ಸ್ನಾಯು ದಪ್ಪವಾಗುತ್ತದೆ, ಹೊರಗಿನ ಪದರದ ಕೋಶಗಳು ಕೊಲಾಜೆನ್ ನೇಯುತ್ತವೆ. ನಾಳ ಉಳಿಯುತ್ತದೆ, ಆದರೆ ಪೆಡಸಾಗುತ್ತದೆ. ಬಿಸಿಲಲ್ಲಿ ಬಿದ್ದ ಹಳೇ ಸ್ಪ್ರಿಂಕ್ಲರ್ ಪೈಪ್ ಮುಟ್ಟಿ ನೋಡಿ, ಆ ಥರ. ಮೋಟರಿನ ಕೆಲಸ ಮಾಡುವ ಹೃದಯದ ಬಲಭಾಗಕ್ಕೆ ಆಗ ಹೊರೆ.

ಈಗ ಕರಗುತ್ತಾ ಅನ್ನುವ ಪ್ರಶ್ನೆ. ಹಸಿ ತೊಗಲನ್ನು ಮಳೆಗೆ ಬಿಟ್ಟರೆ ಎಂಟು ದಿನದಲ್ಲಿ ಕೊಳೆತು ನಾರುತ್ತದೆ. ಅದನ್ನೇ ಹದ ಮಾಡಿ ಚಪ್ಪಲಿ ಹೊಲಿದರೆ ಮಲೆನಾಡಿನ ಮಳೆಗೂ ಜಗ್ಗುವುದಿಲ್ಲ. ಎರಡೂ ಕೊಲಾಜೆನ್ನೇ. ಹದ ಮಾಡಿದಾಗ ಎಳೆ ಎಳೆಗೂ ಗಂಟು ಬೀಳುತ್ತದೆ, ಅಷ್ಟೇ ವ್ಯತ್ಯಾಸ. ದೇಹದ ಒಳಗೂ ಗಂಟು ಹಾಕುವವನೊಬ್ಬ ಇದ್ದಾನೆ, ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ. ಕೊಲಾಜೆನ್ ಕತ್ತರಿಸುವ ಕಿಣ್ವಗಳೂ ಇವೆ. ಹೊಸ ಕೊಲಾಜೆನ್ ಕತ್ತರಿಗೆ ಸಿಗುತ್ತದೆ, ಗಂಟು ಬಿಗಿದದ್ದು ಸುಲಭಕ್ಕೆ ಸಿಗುವುದಿಲ್ಲ. ಆಮ್ಲಜನಕ ಕಡಿಮೆಯಾದರೂ ಶ್ವಾಸಕೋಶದ ನಾಳದಲ್ಲಿ ಒತ್ತಡ ಏರುತ್ತದೆ, ಅದಕ್ಕೆ ಆಮ್ಲಜನಕ ಕಡಿಮೆ ಇರುವ ಪೆಟ್ಟಿಗೆಯಲ್ಲಿ ಇಲಿಗಳನ್ನು ಇಟ್ಟು ನೋಡಿದ್ದಾರೆ. ನಾಳ ದಪ್ಪವಾಯಿತು. ಮಾಮೂಲಿ ಗಾಳಿಗೆ ಬಿಟ್ಟಮೇಲೆ ಸೇರಿದ್ದ ಕೊಲಾಜೆನ್ ಬಹುಪಾಲು ಇಳಿಯಿತು. ಕೊಲಾಜೆನ್ ಕತ್ತರಿಗೆ ಸಿಗದಂತೆ ಜೀನ್ ತಿದ್ದಿದ ಇಲಿಗಳಲ್ಲಿ ಮಾತ್ರ ನಾಳ ಪೆಡಸಾಗಿಯೇ ಉಳಿಯಿತು. ಹಾಗಾಗಿ ತೂಬು ಬೇಗ ಬಿಡಿಸಿದಷ್ಟೂ ಲಾಭ. ಕಾಫಿ ಕುಯ್ಲು ಮುಗಿಯಲಿ ಅಂತ ಮುಂದೆ ಹಾಕಬೇಡಿ.

ನಮ್ಮ ಕಡೆಯದೂ ಒಂದು ಹೇಳಿಬಿಡುತ್ತೇನೆ. ಅಮೆರಿಕದ ಕೊಲರಾಡೋದಲ್ಲಿ, ಆಮ್ಲಜನಕ ಕಡಿಮೆ ಇರುವ ಎತ್ತರದ ಬೆಟ್ಟದಲ್ಲಿ ಮೇಯುವ ದನಗಳಿಗೆ ಇದೇ ಕಾಯಿಲೆ ಬರುತ್ತದೆ. ಶ್ವಾಸಕೋಶದ ನಾಳ ದಪ್ಪವಾಗಿ, ಬಲ ಹೃದಯ ಸೋತು, ಎದೆ ಮತ್ತು ಗಂಗೆದೊಗಲಿಗೆ ನೀರು ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಕೆಳಗೆ ಹೊಡೆದುಕೊಂಡು ಬಂದರೆ ಎಷ್ಟೋ ದನ ಚೇತರಿಸಿಕೊಳ್ಳುತ್ತವೆ. ಹಾಗಂತ ಆಲ್ದೂರು ಬಿಟ್ಟು ಕೆಳಗೆ ಬರಬೇಕಿಲ್ಲ! ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಮನುಷ್ಯರಿಗೆ ಆ ತೊಂದರೆ ಸಾಮಾನ್ಯವಾಗಿ 2,500 ದಾಟಿದಮೇಲೆ.

ಬೇಲೂರು ಅಕ್ಕ

ತಮ್ಮಾ, ನನಗೂ ಇದೇ ಆಗಿತ್ತು. 2015ರಲ್ಲಿ ಬೆಂಗಳೂರಿನ ಜಯದೇವದಲ್ಲಿ ಬಲೂನ್ ಮಾಡಿದರು. ಎದೆ ಕೊಯ್ಯುವುದಿಲ್ಲ, ಹೆದರಬೇಡಿ. ತೊಡೆಸಂದಿಯ ನಾಳದಿಂದ ತಂತಿ ಬಿಡುತ್ತಾರೆ. ಅದಕ್ಕಿಂತ ಬೇಸರ ಹಿಂದಿನ ದಿನದ ಟೆಸ್ಟು. ಹೃದಯದ ಒಳಗೆ ರಕ್ತ ಹೆಪ್ಪುಗಟ್ಟಿದೆಯಾ ನೋಡಲು ಗಂಟಲೊಳಗೆ ಪೈಪ್ ಇಳಿಸುತ್ತಾರೆ, ಓಕರಿಕೆ ಬರುತ್ತೆ. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.

ನನ್ನ ಪಿಎಎಸ್‌ಪಿ 72 ಇತ್ತು. ಮರುದಿನ 50. ವರ್ಷದ ಮೇಲೆ 38, ಅಲ್ಲೇ ನಿಂತಿದೆ. ಈ ಉಳಿದ ಎಂಟು ಹತ್ತು ಯಾಕೆ ಇಳಿಯುತ್ತಿಲ್ಲ ಅಂತ ಪ್ರತಿ ಸಲ ಕೇಳುತ್ತಿದ್ದೆ. ಡಾಕ್ಟ್ರ ಚಪ್ಪಲಿ ಕತೆ ಓದಿ ಈಗ ಅರ್ಥವಾಯಿತು. ರುಮ್ಯಾಟಿಕ್ ಜ್ವರ ಮತ್ತೆ ಬರದಿರಲಿ ಅಂತ ಈಗಲೂ 21 ದಿನಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು ತಗೊಳ್ತೀನಿ. ಸೊಂಟಕ್ಕೆ ಕೊಡುತ್ತಾರೆ, ಎರಡು ದಿನ ಕೂರಲಾಗದ ನೋವು. ದೇವಸ್ಥಾನದ ಮೆಟ್ಟಿಲು ಮಾತ್ರ ಒಂದೇ ಉಸಿರಿಗೆ ಹತ್ತುತ್ತೇನೆ.

ಪಿಜಿ ಹುಡುಗ

ಮೆಡಿಸಿನ್ ಓದುತ್ತಿದ್ದೇನೆ. ಸಿಲ್ಡೆನಾಫಿಲ್ ಬಗ್ಗೆ ಮಾತ್ರ ಹೇಳುತ್ತೇನೆ. ಒತ್ತಡದ ಹೆಸರು ಒಂದೇ ಆದರೂ ಕಾರಣ ಬೇರೆ ಬೇರೆ. ಕೆಲವರಿಗೆ ಕಾಯಿಲೆ ಶ್ವಾಸಕೋಶದ ನಾಳದಲ್ಲೇ ಶುರುವಾಗುತ್ತದೆ. ಅವರಿಗೆ ಈ ಮಾತ್ರೆ ನಾಳ ಸಡಿಲಿಸಿ ಸಹಾಯ ಮಾಡುತ್ತದೆ. ಅಮ್ಮನಿಗೆ ಅಡ್ಡಿ ಇರುವುದು ಮುಂದೆ, ಕವಾಟದಲ್ಲಿ. ತೂಬು ಮುಚ್ಚಿಟ್ಟು ಕಾಲುವೆ ಅಗಲ ಮಾಡಿದರೆ ನೀರು ಇನ್ನೂ ನುಗ್ಗಿ ಬಂದು ಶ್ವಾಸಕೋಶದಲ್ಲಿ ನಿಲ್ಲಬಹುದು. ಕವಾಟ ಸರಿ ಮಾಡಿಸಿಕೊಂಡಮೇಲೂ ಒತ್ತಡ ಉಳಿದ 200 ಜನರ ಮೇಲೆ ಸ್ಪೇನ್‌ನಲ್ಲಿ ಈ ಮಾತ್ರೆ ಪರೀಕ್ಷಿಸಿದರು. ಮಾತ್ರೆ ನುಂಗಿದವರ ಸ್ಥಿತಿಯೇ ಹೆಚ್ಚು ಕೆಟ್ಟಿತು. ಪಕ್ಕದ ತೋಟದಿಂದ ಮಾತ್ರೆ ಸಾಲ ತರಬೇಡಿ ಪ್ಲೀಸ್.

ಅಂದಹಾಗೆ ವರದಿಯಲ್ಲಿ ಎಂವಿಎ ಎಷ್ಟಿದೆ? ಅದು ಕವಾಟದ ಅಗಲ. ಮಾಮೂಲಿ 4ರಿಂದ 6 ಚದರ ಸೆಂಟಿಮೀಟರ್, 1.5 ಅಥವಾ ಅದಕ್ಕಿಂತ ಕಡಿಮೆ ಆದರೆ ತೀವ್ರ.

ಆಲ್ದೂರು ಕಣ

ವರದಿಯ ಎರಡನೇ ಹಾಳೆ ಗಾಡಿಯಲ್ಲೇ ಬಿದ್ದಿತ್ತು, ಈಗ ನೋಡಿದೆ. 0.9 ಇದೆ. ಸೋಮವಾರ ಬೆಳಿಗ್ಗೆಯೇ ಹೊರಡುತ್ತೇವೆ, ಕುಯ್ಲು ತಮ್ಮ ನೋಡಿಕೊಳ್ಳುತ್ತಾನೆ. ಡಾಕ್ಟ್ರೇ, ಹಾಗಾದರೆ ಈ ಭಾನುವಾರ ಸೂಪ್ ಮಾಡಬಹುದಾ ಅಂತ ಅಮ್ಮ ಕೇಳುತ್ತಿದ್ದಾರೆ.

ಹಾಸನದ ದನದ ಡಾಕ್ಟ್ರು

ಮಾಡಿ. ಉಪ್ಪು ಮಾತ್ರ ಕಡಿಮೆ ಹಾಕಿ, ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ.