ಪದ ಬೇಕಿದೆ: ‘ಹರಳು ಕೀಳುವವರು’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳಲ್ಲಿ ಬಂಡೆಯೊಳಗಿಂದ ಹರಳು ತೆಗೆಯುವವರ ಬಗ್ಗೆ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ಆ ಜನರ ಹೆಸರು. ಅಲ್ಲಿನ ಜರ್ಮನ್ ನುಡಿಯಲ್ಲಿ ‘ಷ್ಟ್ರಾಲರ್’. ‘ಷ್ಟ್ರಾಲ್’ ಅಂದರೆ ಕಿರಣ. ಬೆಟ್ಟದವರು ಹರಳಿಗೂ ಅದೇ ಪದ ಬಳಸುತ್ತಾರೆ. ಫ್ರಾನ್ಸಿನ ಶಾಮೊನಿ ಕಡೆ ‘ಕ್ರಿಸ್ತಾಲ್ಯೆ’ ಅಂತಾರೆ. 1786ರಲ್ಲಿ ಮೋಂ ಬ್ಲಾಂ ಶಿಖರವನ್ನು ಮೊದಲು ಹತ್ತಿದ ಇಬ್ಬರಲ್ಲಿ ಒಬ್ಬನಾದ ಜಾಕ್ ಬಾಲ್ಮಾ ಇದೇ ಕಸುಬಿನವನು.

‘ಖನಿಜ ಸಂಗ್ರಾಹಕ’ ಅಂತ ಬರೆದು ನೋಡಿದೆ, ಸರಿಬರಲಿಲ್ಲ. ಸಂಗ್ರಾಹಕ ಅಂದರೆ ಕೊಂಡು ತಂದು ಗಾಜಿನ ಬೀರುವಿನಲ್ಲಿ ಜೋಡಿಸಿಡುವವನೂ ಆಗಬಹುದು. ಇವರು ಹಿಮ ಕರಗಿದ ಮೇಲೆ ಹಗ್ಗ, ಹಾರೆ ಹೊತ್ತು ಬೆಟ್ಟ ಹತ್ತುತ್ತಾರೆ. ಬಂಡೆಯ ಮೇಲೆ ಬಿಳಿ ಬೆಣಚುಕಲ್ಲಿನ ಪಟ್ಟೆ ಹುಡುಕುತ್ತಾರೆ. ಪಕ್ಕದ ಕಲ್ಲು ಬಣ್ಣಗೆಟ್ಟು ಸವೆದಿದ್ದರೆ ಒಳಗೆ ಟೊಳ್ಳಿರಬಹುದು ಅಂತ ಅವರಿಗೆ ಗೊತ್ತು. ಜಾಗ ಸಿಕ್ಕರೆ ಅಲ್ಲೇ ಒಂದು ಸಲಕರಣೆ ಬಿಟ್ಟು, ಹೆಸರಿನ ಅಕ್ಷರ ಬರೆದು ಬರುತ್ತಾರೆ. ಬೇರೆಯವರು ಅದನ್ನು ಮುಟ್ಟಬಾರದು ಅನ್ನುವುದು ರೂಢಿ. ನಮ್ಮಲ್ಲಿ ‘ಜೇನು ಕೀಳುವವರು’ ಅಂತೀವಲ್ಲ, ಹಾಗೆ ‘ಹರಳು ಕೀಳುವವರು’ ಅಂದರೆ ಹೇಗೆ? ಕಡಿದಾದ ಬಂಡೆ, ಅಪಾಯ, ಕೈಯ ನಾಜೂಕು ಎಲ್ಲ ಆ ‘ಕೀಳು’ ಅನ್ನುವುದರಲ್ಲೇ ಬಂತು ಅನಿಸುತ್ತದೆ.

ಇನ್ನು ಹರಳೋ, ಸ್ಫಟಿಕವೋ? ಪಠ್ಯಪುಸ್ತಕದಲ್ಲಿ ಸ್ಫಟಿಕ ಅಂತಿದೆ. ಆದರೆ ಜನರ ಕಿವಿಗೆ ಸ್ಫಟಿಕ ಅಂದರೆ ಸ್ಫಟಿಕದ ಮಾಲೆ, ಸ್ಫಟಿಕಲಿಂಗ, ನೀರಿನಷ್ಟು ತಿಳಿಯಾದದ್ದು. ಆಲ್ಪ್ಸ್‌ನಲ್ಲಿ ಸಿಗುವುದು ಅದೊಂದೇ ಅಲ್ಲ. ಗುಲಾಬಿ ಬಣ್ಣದ ಫ್ಲೋರೈಟ್ ಅನ್ನುವ ಖನಿಜ ಇದೆ, ಎಸಳೆಸಳಾಗಿ ಹೂವಿನಂತೆ ಬೆಳೆದ ಕಪ್ಪು ಹೆಮಟೈಟ್ ಅನ್ನುವ ಕಬ್ಬಿಣದ ಅದಿರು ಇದೆ. ಅದನ್ನು ಅವರು ‘ಕಬ್ಬಿಣದ ಗುಲಾಬಿ’ ಅಂತಾರೆ.

ನನ್ನ ಮೇಜಿನ ಮೇಲೆ ಅಲ್ಲಿಂದ ತಂದ ಹೆಬ್ಬೆರಳುದ್ದದ ಒಂದು ಹರಳಿದೆ. ಹೊಗೆ ಹಿಡಿದ ಲಾಟೀನಿನ ಗಾಜಿನ ಬಣ್ಣ. ಸುತ್ತಲ ಗ್ರಾನೈಟಿನ ವಿಕಿರಣ ಲಕ್ಷಾಂತರ ವರ್ಷ ತಾಗಿ ಬಂದ ಬಣ್ಣ ಅದು. ಪಕ್ಕೆಯ ಮೇಲೆ ಉಗುರು ಎಳೆದರೆ ಅಡ್ಡಗೆರೆಗಳು ಸಣ್ಣಗೆ ತಡೆಯುತ್ತವೆ. ಬುಡದಲ್ಲಿ ಕ್ಲೋರೈಟ್ ಅನ್ನುವ ಖನಿಜದ ಹಸಿರು ಪುಡಿ ಇನ್ನೂ ಅಂಟಿಕೊಂಡಿದೆ. ಇದಕ್ಕೆ ‘ಕಂದು ಸ್ಫಟಿಕ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ‘ಹೊಗೆಹರಳು’ ಅಂದರೆ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ, ಅಲ್ವಾ?

ಹರಳಿಗೂ ಒಂದು ತೊಡಕಿದೆ. ಉಪ್ಪಿನ ಹರಳು, ಕಿಡ್ನಿಯ ಹರಳು ಸರಿ. ಆದರೆ ‘ಉಂಗುರದ ಹರಳು’ ಸಾಣೆ ಹಿಡಿದದ್ದು. ಇಲ್ಲಿ ಬೆಲೆ ಇರುವುದೇ ಉಳಿ, ಸಾಣೆ ಮುಟ್ಟದ ಮೈಗೆ. ತುದಿ ಒಂದಿಷ್ಟು ಮುಕ್ಕಾದರೂ ಬೆಲೆ ಇಳಿಯುತ್ತದೆ. ಮಕ್ಕಳು ತಪ್ಪು ತಿಳಿಯದಂತೆ ಮೊದಲ ಸಲ ‘ಹುಟ್ಟುಹರಳು’ ಅಂತ ಬರೆದು, ಆಮೇಲೆ ಸುಮ್ನೆ ಹರಳು ಅಂದರೆ ಸಾಕೇ?

ಜಾಸ್ತಿ ಕಾಡುತ್ತಿರುವುದು ‘ಕ್ಲುಫ್ಟ್’ ಅನ್ನುವ ಅವರ ಜರ್ಮನ್ ಪದ. ಬೆಟ್ಟ ಮೇಲೇಳುವಾಗ ಬಂಡೆ ಎಳೆದಂತಾಗಿ ಬಾಯಿ ಬಿಟ್ಟ ಜಾಗ ಅದು. ಅದರೊಳಗೆ ಬಿಸಿನೀರು ತುಂಬಿ, ಗೋಡೆಯ ಕಲ್ಲನ್ನೇ ಕರಗಿಸಿಕೊಂಡು, ತಣ್ಣಗಾಗುತ್ತಾ ಹರಳುಗಟ್ಟಿತು. ಬಿರುಕು ಅಂದರೆ ಗೋಡೆಯ ಗೆರೆ ನೆನಪಾಗುತ್ತದೆ. ಗವಿ ಅಂದರೆ ತೀರಾ ದೊಡ್ಡದಾಯಿತು. ಕೆಲವದರಲ್ಲಿ ಕೈ ಮಾತ್ರ ತೂರುತ್ತದೆ, ಕೆಲವದರಲ್ಲಿ ಆಳೇ ತೆವಳಬಹುದು. ಪ್ಲಾಂಗೆನ್‌ಸ್ಟಾಕ್ ಬೆಟ್ಟದಲ್ಲಿ 2005ರಲ್ಲಿ ಸಿಕ್ಕ ಒಂದೇ ಗೊಂಚಲು ಸುಮಾರು 300 ಕಿಲೋ ತೂಕದ್ದು. ಈಗ ಬರ್ನ್ ನಗರದ ಮ್ಯೂಸಿಯಮ್ಮಿನಲ್ಲಿದೆ. ನಾನು ‘ಪೊಟರೆ’ ಅಂತ ಬರೆದಿದ್ದೇನೆ. ಗಿಳಿ ಗೂಡು ಕಟ್ಟುವ ಮರದ ಪೊಟರೆಯೇ ಓದುವವರ ಕಣ್ಣ ಮುಂದೆ ಬಂದರೆ ಅನ್ನುವ ಅಳುಕೂ ಇದೆ. ಕಲ್ಲುಕ್ವಾರಿಯಲ್ಲಿ ಕೆಲಸ ಮಾಡುವವರು, ಬಾವಿ ತೋಡುವವರು ಬಂಡೆಯೊಳಗಿನ ಇಂಥ ಟೊಳ್ಳಿಗೆ ಏನಂತಾರೆ? ನಿಮ್ಮ ಊರಿನ ಕಡೆ ಪದ ಇದ್ದರೆ, ಯಾವ ತಾಲ್ಲೂಕಿನದು ಅಂತಲೂ ಸೇರಿಸಿ ಬರೆಯಿರಿ.

ಕೊನೆಗೆ ಇನ್ನೊಂದು. ಸಾಲಾಗಿ ಅಂಟಿಕೊಂಡ ಹರಳುಗಳು ಒಂದೊಂದೂ ತುಸು ತಿರುಗುತ್ತಾ ಬೆಳೆದು, ಇಡೀ ತುಂಡೇ ತಿರುಚಿದಂತೆ ಕಾಣುವುದಕ್ಕೆ ಅವರು ‘ಗ್ವಿಂಡೆಲ್’ ಅಂತಾರೆ. ಹಗ್ಗದ ಹುರಿ ನೆನೆದು ‘ಹುರಿಹರಳು’ ಅಂತ ಕಟ್ಟಿದ್ದೇನೆ. ಒಪ್ಪುತ್ತದಾ?