ಗಿರಾಕಿ ಬರೆದುಕೊಟ್ಟ ತಪ್ಪನ್ನು ತಿದ್ದಬೇಕೋ, ಹಾಗೇ ಅಚ್ಚು ಹಾಕಬೇಕೋ?

ಅಚ್ಚಿನಮನೆ (ದಾವಣಗೆರೆ):

ದಾವಣಗೆರೆಯಲ್ಲಿ 22 ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ನಾಮಕರಣ, ತಿಥಿ ಕಾರ್ಡು, ಬಿಲ್ ಬುಕ್ಕು, ಈಗೀಗ ಫ್ಲೆಕ್ಸು. ಓದಿದ್ದು ಪಿಯುಸಿ. ಪಂಡಿತನೇನಲ್ಲ. ಆದರೆ ದಿನಾ ಎಂಟು ಗಂಟೆ ಕನ್ನಡ ಅಕ್ಷರ ನೋಡಿ ನೋಡಿ, ತಪ್ಪು ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ.

ಮೊನ್ನೆ ಒಬ್ಬರು ಬಂದರು. ಹೊಸ ಮನೆ ಕಟ್ಟಿಸಿದ್ದಾರೆ. ಕಾರ್ಡಿನ ಮಾತನ್ನು ವಾಟ್ಸಾಪಿನಲ್ಲಿ ಬರೆದುಕೊಂಡು ಬಂದಿದ್ದರು. ಮೇಲೆ 'ಗ್ರಹಪ್ರವೇಶ'. "ಗ ಗೆ ವಟ್ರಸುಳಿ ಬರಬೇಕು ಸಾರ್. ಗೃಹ ಅಂದರೆ ಮನೆ. ಗ್ರಹ ಅಂದರೆ ಶನಿ, ರಾಹು" ಅಂದೆ. ಅವರು ಮೊಬೈಲ್ ತೆಗೆದು ಮೂರು ಕಾರ್ಡಿನ ಫೋಟೋ ತೋರಿಸಿದರು. ಮೂರರಲ್ಲೂ ಗ್ರಹವೇ! "ಎಲ್ಲಾರೂ ಹಂಗೇ ಹಾಕ್ಸ್ಯಾರ್ರೀ, ನೀವೊಬ್ರೇ ಬ್ಯಾರೆ ಹೇಳ್ತೀರಿ" ಅಂದರು. ಕೊನೇ ಸಾಲು 'ನಿಮ್ಮ ಆರ್ಶೀವಾದವೇ ಉಡುಗೊರೆ'. ಅದನ್ನು ಕೇಳದೇ ಸರಿ ಮಾಡಿದೆ. ಗ್ರಹವನ್ನು ಮಾತ್ರ ಅವರು ಬಿಡಲಿಲ್ಲ. ಹಾಗೇ ಅಚ್ಚಾಯಿತು. ಆವತ್ತು ರಾತ್ರಿ ಊಟ ಸೇರಲಿಲ್ಲ.

ದಿನಾ ಇದೇ. ತಿಥಿ ಕಾರ್ಡಿನಲ್ಲಿ 'ಶ್ರದ್ದಾಂಜಲಿ'. ಸಿಮೆಂಟ್ ಅಂಗಡಿಯ ಬೋರ್ಡಿಗೆ 'ಕಟ್ಟಡ ಸಾಮಾಗ್ರಿ'. ಮಿಕ್ಸಿ ರಿಪೇರಿಯವನಿಗೆ 'ದುರಸ್ಥಿ'. ಹುಟ್ಟುಹಬ್ಬಕ್ಕೆ 'ಹಾರ್ಧಿಕ ಶುಭಾಷಯ'. ಒಬ್ಬ ಹುಡುಗ 'ಆರ್ಥಿಕ ಶುಭಾಶಯಗಳು' ಅಂತಲೇ ತಂದಿದ್ದ. "ಎಷ್ಟು ಕೊಡ್ತೀಯಪ್ಪ?" ಅಂದೆ. ಫ್ಲೆಕ್ಸಿನ ರೇಟು ಕೇಳಿದೆ ಅಂದುಕೊಂಡು ಅಡ್ವಾನ್ಸ್ ತೆಗೆದ. ಬೆವರು ಬಂದದ್ದು ಒಂದು ಜಾತ್ರೆಯ ಫ್ಲೆಕ್ಸಿಗೆ. ಬಂದವರಿಗೆ 'ಆದರದ ಸ್ವಾಗತ' ಕೋರಬೇಕಿತ್ತು. 'ಹ' ಬಿಡ್ತೀರಿ ಅಂತ ಯಾರೋ ಆ ಹುಡುಗರಿಗೆ ಬೈದಿದ್ದರೋ ಏನೋ, ಬೇಡದ ಕಡೆ ತಂದು ಸೇರಿಸಿದ್ದರು. ಅದು ಏನಾಯಿತು ಅಂತ ನೀವೇ ಓದಿಕೊಳ್ಳಿ.

ಹಾಗಂತ ಎಲ್ಲಾ ತಿದ್ದುವುದಕ್ಕೂ ನನಗೆ ಭಯ. ಎರಡು ವರ್ಷದ ಹಿಂದೆ ಒಂದು ಲಗ್ನಪತ್ರಿಕೆ ಬಂತು. ಮದುಮಗನ ಹೆಸರು 'ಸಿದ್ದ' ಅಂತ ಶುರು. ನಮ್ಮ ಕಡೆ ಮನೆಗೊಬ್ಬ ಸಿದ್ದ ಇರುತ್ತಾನೆ. ನಾನು ಜಾಣ, ದ ಒತ್ತಿನ ಹೊಟ್ಟೆ ಸೀಳಿ 'ಸಿದ್ಧ' ಮಾಡಿದೆ. 400 ಕಾರ್ಡು, ಒಂದಕ್ಕೆ 14 ರೂಪಾಯಿ. ಹುಡುಗನ ಅಪ್ಪ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡೇ ಬಂದರು. "ನಮ್ಮಜ್ಜನ ಹೆಸರ್ರೀ ಅದು. ಅವನೂ ಹಿಂಗೇ ಬರೀತಿದ್ದ. ತಿದ್ದಾಕ ನೀವ್ಯಾರು?" ಅಂದರು. ಬಾಯಿ ಮುಚ್ಚಿಕೊಂಡು ಮತ್ತೆ ಅಚ್ಚು ಹಾಕಿಕೊಟ್ಟೆ. 5,600 ರೂಪಾಯಿ ಕೈಯಿಂದ ಹೋಯಿತು.

ಅದಕ್ಕೇ ಕೇಳುತ್ತಿದ್ದೇನೆ. ಎಲ್ಲಿಯವರೆಗೆ ತಿದ್ದಬಹುದು? ಇನ್ನೊಂದು, ಈ 'ಆರ್ಶೀವಾದ' ಇಷ್ಟೊಂದು ಜನಕ್ಕೆ ಒಂದೇ ಥರ ಹೇಗೆ ತಪ್ಪುತ್ತದೆ? ಬಾಯಲ್ಲಿ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ ಅಲ್ವಾ?

ಸೀಮೆಸುಣ್ಣ (ಹಾಸನ):

ಅಣ್ಣಾ, ನಿಮ್ಮ ಎರಡನೇ ಪ್ರಶ್ನೆ ನನ್ನ ದಿನದ ಕೂಲಿ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ನಾನು.

ಬಾಯಲ್ಲಿ ಸರಿ ಇರುವುದರಿಂದಲೇ ಅದು ತಪ್ಪುತ್ತದೆ. ಬೇರೆ ಒತ್ತಕ್ಷರಗಳಲ್ಲಿ ಮೊದಲು ಹೇಳುವುದನ್ನು ಮೊದಲು ಬರೆಯುತ್ತೇವೆ, ಆಮೇಲಿನದು ಒತ್ತಾಗಿ ಕೆಳಗೆ ಹೋಗುತ್ತದೆ. 'ಪುಸ್ತಕ'ದಲ್ಲಿ ಸ ಮೇಲೆ, ತ ಕೆಳಗೆ. ರ್ ಗೆ ಹಾಕುವ ಅರ್ಕಾವತ್ತು ಮಾತ್ರ ಉಲ್ಟಾ. ಬಾಯಲ್ಲಿ ಮೊದಲು ಬರುತ್ತದೆ, ಕಾಗದದಲ್ಲಿ ಅಕ್ಷರದ ಬೆನ್ನಿಗೆ ಕೂರುತ್ತದೆ. ಮಗು ಆ ಅಂತು, ಶೀ ಅಂತು, ಆಮೇಲೆ ರ್ ಕೇಳಿಸಿತು. ಕೇಳಿಸಿದ ತಕ್ಷಣ ಶೀ ಪಕ್ಕದಲ್ಲೇ ಹಾಕಿಬಿಟ್ಟಿತು. ಓದಿದರೆ ಆರ್-ಶೀ-ವಾದ. ಇನ್ನೊಂದಕ್ಷರ ಕಾದು, ವಾ ಬರೆದು ಹಾಕಿದ್ದರೆ ಸರಿಯಾಗುತ್ತಿತ್ತು. ಗೋಡೆಗಳ ಮೇಲೆ 'ಇಲ್ಲಿ ಮೂತ್ರ ವಿರ್ಸಜನೆ ಮಾಡಬಾರದು' ಅಂತ ಇರುತ್ತದಲ್ಲ, ಅದೂ ಇದೇ ಕಾಯಿಲೆ. ನಮ್ಮ ಕ್ಲಾಸಿನಲ್ಲಿ ಚಪ್ಪಾಳೆ ತಟ್ಟಿಸುತ್ತೇನೆ. ಆ, ಶೀರ್, ವಾ, ದ. "ರ್ ಆದಮೇಲೆ ಯಾರು ಬಂದರು?" "ವಾ ಮಿಸ್." "ಹಾಗಾದರೆ ಅವನ ಬೆನ್ನಿಗೆ ಹಾಕು." ಒಂದು ವಾರದಲ್ಲಿ ಸರಿಹೋಗುತ್ತದೆ.

ಹ ವಿಷಯ ಮಾತ್ರ ಕಷ್ಟ. ನಮ್ಮ ಮಕ್ಕಳು ಊರನ್ನೇ 'ಆಸನ' ಅನ್ನುತ್ತವೆ. ಮನೆಯಲ್ಲಿ ಅಜ್ಜಿ ಆಲು, ಅಣ್ಣು ಅಂತಾರೆ. ಅಜ್ಜಿ ತಪ್ಪು ಅಂತ ನಾನು ಹೇಳಲ್ಲ. "ಅಜ್ಜಿ ಜೊತೆ ಅಜ್ಜಿ ಥರ ಮಾತಾಡು, ಪುಸ್ತಕದಲ್ಲಿ ಹ ಬರಿ" ಅಂತೀನಿ.

ಕೋಟ್ಯಾಂತರ, ಜಾತ್ಯಾತೀತ ಬಗ್ಗೆ ನೀವು ಬರೆಯಲಿಲ್ಲ, ಅದು ನನ್ನ ಕೋಪ. ಕೋಟಿ + ಅಂತರ, ಕೋಟ್ಯಂತರ. ಜಾತಿ + ಅತೀತ, ಜಾತ್ಯತೀತ. ಅಲ್ಲಿ ದೀರ್ಘ ಎಲ್ಲಿಂದ ಬಂತು? ಅತ್ಯಾಧುನಿಕದಲ್ಲಿ ಬರುತ್ತದೆ, ಯಾಕೆಂದರೆ ಅದು ಅತಿ + ಆಧುನಿಕ. ಅದನ್ನು ನೋಡಿ ಇವಕ್ಕೂ ಎಳೆಯುತ್ತಾರೆ. ಇದಂತೂ ಮಕ್ಕಳಿಗಿಂತ ದೊಡ್ಡವರಲ್ಲೇ ಜಾಸ್ತಿ.

ಕಡಲತಡಿ (ಕುಂದಾಪುರ):

ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ, ಬೇಜಾರು ಮಾಡ್ಕೊಬೇಡಿ. ಆರ್ಶೀವಾದ ತಪ್ಪು, ಒಪ್ಪಿದೆ. ಆದರೆ ಶ್ರದ್ದಾಂಜಲಿಗೆ ಯಾಕಿಷ್ಟು ಸಂಕಟ? ನಮ್ಮಲ್ಲಿ ಎಷ್ಟು ಜನ ಮಾತಿನಲ್ಲಿ ಧ ಗೆ ಉಸಿರು ಕೊಡುತ್ತೇವೆ? ಬಾಯಲ್ಲೇ ಇಲ್ಲದ್ದು ಬೆರಳಿಗೆ ಬರುವುದು ಹೇಗೆ? ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬರಹದಿಂದ ಮಹಾಪ್ರಾಣ ಬಿಡೋಣ ಅಂದವರು. ಅಂದು ಸುಮ್ಮನಾಗಲಿಲ್ಲ, ತಮ್ಮ ಹೆಸರನ್ನೇ 'ಶಂಕರ ಬಟ್' ಅಂತ ಬರೆದರು. 13ನೇ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜನಿಗೆ ಱ, ೞ ಅನ್ನುವ ಹಳೇ ಅಕ್ಷರ ಎರಡೂ ಬೇಕಿದ್ದವು. ಈಗ ಅವು ಎಲ್ಲಿವೆ? ಹಳಗನ್ನಡದ ಪಾಲು ಹಾಲಾಯಿತು, ಆಗ ಯಾವ ಮೇಷ್ಟ್ರೂ ಅಳಲಿಲ್ಲ. ಹಾಲು ಆಲಾದರೆ ಮಾತ್ರ ಅಳುವುದಾ?

ಅಚ್ಚಿನಮನೆ:

ಕಡಲತಡಿಯವರೇ, ಹಾಗಾದರೆ 'ಬಂಧುಮಿತ್ರರ ಮದ್ಯೆ ನಡೆಯುವ ವಿವಾಹ' ಅಂತ ಒಬ್ಬರು ಬರೆದುಕೊಂಡು ಬಂದಿದ್ದರು. ಬಿಟ್ಟುಬಿಡಲಾ?

ಕಡಲತಡಿ:

ಬಿಡಿ ಮಾರಾಯ್ರೆ. 'ಹೊಲದ ಮದ್ಯೆ ಬಾವಿ ಇದೆ' ಅಂದರೆ ಯಾರೂ ಬಾಟ್ಲಿ ಹುಡುಕಿಕೊಂಡು ಹೋಗುವುದಿಲ್ಲ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಮದುವೆ ಕಾರ್ಡಿನಲ್ಲಿ ತಿದ್ದುತ್ತಿದ್ದೆ, ಅದು ನಿಜ. ಬೀಗರ ಕಡೆಯವರು ಓದಿ ನಗುತ್ತಾರಲ್ಲ!

ನೈಟ್‌ಶಿಫ್ಟ್ (ಬೆಂಗಳೂರು):

ಪತ್ರಿಕೆಯೊಂದರಲ್ಲಿ 17 ವರ್ಷ ರಾತ್ರಿಪಾಳಿ ಡೆಸ್ಕಿನಲ್ಲಿದ್ದವನು. ನಿಮ್ಮ 5,600 ರೂಪಾಯಿ ಕಥೆ ಓದಿ ಹೊಟ್ಟೆ ಚುರ್ ಅಂತು.

ನಮ್ಮಲ್ಲಿ ಒಂದು ಗೆರೆ ಇತ್ತು. ಹೆಸರು, ಇನಿಷಿಯಲ್ಲು, ಊರು, ತಾರೀಖು ಬಂದವರದ್ದು, ಅದನ್ನು ಮುಟ್ಟಬಾರದು. ಅನುಮಾನ ಬಂದರೆ ಫೋನ್ ಮಾಡಿ ಕೇಳಬೇಕು. ಮಿಕ್ಕ ಕನ್ನಡವೆಲ್ಲ ನಮ್ಮದು, ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ನೀವು ಮಾಡಿದ್ದು ಸರಿಯಾಗಿ ಉಲ್ಟಾ: ಹೆಸರನ್ನು ಕೇಳದೆ ತಿದ್ದಿದಿರಿ, ಗೃಹಪ್ರವೇಶಕ್ಕೆ ಒಪ್ಪಿಗೆ ಕೇಳಿದಿರಿ. ಪ್ರೂಫಿನ ಕೆಳಗೆ ಸಹಿ ಹಾಕಿಸಿಕೊಳ್ಳಿ. ಹೆಸರುಗಳನ್ನು ಅವರ ಬಾಯಲ್ಲೇ ಜೋರಾಗಿ ಓದಿಸಿ.

ಗಿರಾಕಿಯ ತಪ್ಪು ಎಷ್ಟೋ ಸಲ ಗಿರಾಕಿಯದ್ದೇ ಅಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕೀಬೋರ್ಡು ಈಗ ಎಲ್ಲರ ಫೋನಿನಲ್ಲಿದೆ. ನಮ್ಮ ಜನಕ್ಕೆ ತ ಅಂದರೆ 'ಟಿ ಎಚ್', ದ ಅಂದರೆ 'ಡಿ ಎಚ್'. ಫೋನು ಅದನ್ನು ಥ, ಧ ಅಂತ ಓದಿಕೊಂಡುಬಿಡುತ್ತದೆ. ನಿಮ್ಮ 'ದುರಸ್ಥಿ' ಹಾಗೆ ಹುಟ್ಟಿರಬಹುದು. ನಮ್ಮಂಥವರ ಪಾಪವೂ ಇದೆ. 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪಿದ್ದನ್ನು ನಾನೇ ಎಷ್ಟೋ ರಾತ್ರಿ ಕೂತು ಹುಡುಕಿದ್ದೇನೆ. ಒಂದೆರಡು ತಪ್ಪಿಸಿಕೊಂಡು ಅಚ್ಚಾಗಿಯೂ ಹೋಗಿವೆ.

ಹೇಳುವ ರೀತಿಗೆ ನನ್ನ ಮೇಷ್ಟ್ರು ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು, ಭೇಟಿ ಆಗದಿದ್ದರೂ. 'ಪ್ರಜಾವಾಣಿ'ಯಲ್ಲಿ ಅವರ 'ಇಗೋ ಕನ್ನಡ' ಅಂಕಣ ವರ್ಷಗಟ್ಟಲೆ ಬಂತು. ಪದ ಎಲ್ಲಿಂದ ಬಂತು, ಹೇಗೆ ಕೂಡಿತು ಅಂತ ಹೇಳುತ್ತಿದ್ದರು. ಓದಿದವನಿಗೆ ತಾನೇ ಕಂಡುಹಿಡಿದ ಹಾಗೆ ಅನ್ನಿಸುತ್ತಿತ್ತು. ನೀವು ಗ್ರಹ ಅಂದ ಕೂಡಲೇ ಶನಿ, ರಾಹು ತಂದಿರಿ. ಹೊಸ ಮನೆಯವರ ಮುಂದೆ ಶನಿ ಹೆಸರು ಎತ್ತಿದರೆ ಯಾರು ಕೇಳ್ತಾರೆ ಸ್ವಾಮಿ?

ಸೀಮೆಸುಣ್ಣ:

ಆ ಕೊನೇ ಮಾತಿಗೆ ನಮ್ಮ ಸ್ಟಾಫ್ ರೂಮೆಲ್ಲಾ ನಕ್ಕಿತು. ಗೃಹಿಣಿ ಅಂತ ನೆನಪಿಸಿ ಅಣ್ಣಾ. ಅದನ್ನು ಯಾರೂ ಗ್ರಹಿಣಿ ಅಂತ ಬರೆಯಲ್ಲ, ಬರೆದರೆ ಮನೆಗೆ ಹೋಗೋ ಹಾಗಿಲ್ಲ.

ಅಚ್ಚಿನಮನೆ:

ಎಲ್ಲರಿಗೂ ನಮಸ್ಕಾರ. ಉತ್ತರ ಬರೆಯುವುದು ತಡವಾಯಿತು, ಸೀಸನ್ನು.

ನೈಟ್‌ಶಿಫ್ಟ್ ಸಾರ್, ಸಹಿ ಪದ್ಧತಿ ಶುರು ಮಾಡಿದೆ. ರಬ್ಬರ್ ಸ್ಟಾಂಪ್ ಮಾಡಿಸಿದ್ದೇನೆ: 'ಹೆಸರುಗಳನ್ನು ಓದಿ ನೋಡಿದ್ದೇನೆ'. ಉಳಿದದ್ದನ್ನು ಕೇಳದೇ ತಿದ್ದುತ್ತಿದ್ದೇನೆ. ಹತ್ತು ಕಾರ್ಡು ಆಯಿತು, ಒಬ್ಬರೂ ಗಮನಿಸಿಲ್ಲ. ಸಂತೋಷ ಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಿನ್ನೆ ಬಂದವರು ಯಾರು ಗೊತ್ತಾ? ಅದೇ ಸಿದ್ದನ ಅಪ್ಪ. ಅವತ್ತು ಎದುರು ಮಾತಾಡದೆ ಮತ್ತೆ ಅಚ್ಚು ಹಾಕಿಕೊಟ್ಟಿದ್ದಕ್ಕೆ ಅವರು ಬೇರೆ ಅಂಗಡಿಗೆ ಹೋಗಿಲ್ಲವಂತೆ. ಮೊಮ್ಮಗಳ ನಾಮಕರಣ. ಮಗ ಕಳಿಸಿದ ಮೆಸೇಜಿನಲ್ಲಿ ಮಗುವಿನ ಹೆಸರು 'ಆಧ್ಯ' ಅಂತಿತ್ತು. ನನ್ನ ಬೆರಳು ಅಲ್ಲೇ ನಿಂತಿತು. ಹೆಸರು, ಮುಟ್ಟುವ ಹಾಗಿಲ್ಲ.

"ಇದು ಕರೆಕ್ಟಾಗಿ ಹಿಂಗೇನಾ?" ಅಂದೆ. ಅವರು ಮಗನಿಗೆ ಫೋನ್ ಹಚ್ಚಿದರು. ಮಗ ಸೊಸೆಗೆ ಕೊಟ್ಟ. ಸೊಸೆ, ಮೊದಲನೇ ಮಗು ಅದಕ್ಕೇ ಆ ಹೆಸರು, ಆದಿ ಅಂದರೆ ಮೊದಲು, ಅಂದಳು. "ಹಾಗಾದರೆ ಬರೀ ದ ಸಾಕಮ್ಮ, ಆದ್ಯ. ನೀವು 'ಡಿ ಎಚ್' ಒತ್ತಿದ್ದಕ್ಕೆ ಫೋನು ಹಿಂಗೆ ಮಾಡಿದೆ. ನೋಡಿ, ನೀವು ಹೇಗೆ ಹೇಳ್ತೀರೋ ಹಾಗೆ" ಅಂದೆ. ಶನಿ, ರಾಹು ಯಾರನ್ನೂ ಕರೆಯಲಿಲ್ಲ.

ಅಜ್ಜ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು. "ಇನ್ನೂ ಮಾರ್ಕ್ಸ್ ಕಾರ್ಡ್ ಬಂದಿಲ್ಲಲ್ರೀ ಇದಕ್ಕೆ, ಈಗ್ಲೇ ಸರಿಮಾಡ್ರಿ. ಕೂಸಿಂದು ಹೊಟ್ಟಿ ಸೀಳೋದು ಬ್ಯಾಡ" ಅಂದು ಸಹಿ ಹಾಕಿದರು.