ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್: ಕ್ಲಾರಿಸ್ ಮೇಲೆ ಲೆಕ್ಟರ್‌ಗೆ ಇರೋದು ನಿಜವಾಗ್ಲೂ ಏನು?

ಪ್ರಶ್ನೆ:
1991ರ ಈ ಸಿನಿಮಾನ ಮೂರನೇ ಸಲ ನೋಡ್ದೆ. ಮೊದಲೆರಡು ಸಲ ಕಿಡ್ನ್ಯಾಪ್ ಆದ ಹುಡುಗಿ ಬದುಕ್ತಾಳಾ ಇಲ್ವಾ ಅನ್ನೋ ಟೆನ್ಷನ್ನಲ್ಲೇ ಮುಗಿದೋಯ್ತು, ಈ ಸಲ ಕಥೆ ಗೊತ್ತಿದ್ರಿಂದ ಬರೀ ಎಫ್‌ಬಿಐ ಟ್ರೈನಿ ಕ್ಲಾರಿಸ್ದು, ಸೆರೆಯಲ್ಲಿರೋ ನರಭಕ್ಷಕ ಕೊಲೆಗಾರ ಲೆಕ್ಟರ್ದು ಮುಖ ನೋಡ್ತಾ ಕೂತೆ. ಅವರಿಬ್ರು ಎದುರುಬದುರು ಆಗೋದು ನಾಲ್ಕೇ ಸಲ, ಲೆಕ್ಟರ್ ಪಾತ್ರ ಮಾಡಿರೋ ಆಂಥನಿ ಹಾಪ್ಕಿನ್ಸ್ ಇಡೀ ಸಿನಿಮಾದಲ್ಲಿ ಅರ್ಧ ಗಂಟೆನೂ ಕಾಣಲ್ಲ, ಆದ್ರೂ ತಲೇಲಿ ಉಳಿಯೋದು ಅದೇ. ಅವನಿಗೆ ಅವಳ ಮೇಲಿರೋದು ಪ್ರೀತಿನಾ, ಗೌರವಾನಾ, ಇಲ್ಲ ಬರೀ ಆಟನಾ? ಅವಳಿಗೆ ಅವನು ಅಪ್ಪನ ಥರ ಅಂತ ಕೆಲವರು ಅಂತಾರೆ, ನಂಗ್ಯಾಕೋ ಅದು ಒಪ್ಪಿಗೆ ಆಗ್ತಿಲ್ಲ.

ಉತ್ತರ:
ದಯವಿಟ್ಟು ಪ್ರೀತಿ ಅನ್ಬೇಡಿ. ಮಿಗ್ಸ್ ಅನ್ನೋ ಕೈದಿ ಅವಳ ಜೊತೆ ಅಸಹ್ಯವಾಗಿ ನಡ್ಕೊಂಡ ಅಂತ ಲೆಕ್ಟರ್ ಪಕ್ಕದ ಸೆಲ್ಲಿಂದ ಬರೀ ಮಾತಾಡಿ ಮಾತಾಡಿನೇ ಅವನನ್ನ ಸಾಯಿಸ್ತಾನಲ್ಲ, ಜನ ಅದನ್ನ ಗೌರವ ಅಂತ ತಗೋತಾರೆ, ಆದ್ರೆ ಅವಳೇನು ಹಾಗ್ ಮಾಡು ಅಂತ ಕೇಳಿದ್ಲಾ? ಲೆಕ್ಟರ್ ಮನೋವೈದ್ಯ, ಎಂಟು ವರ್ಷದಿಂದ ಒಳಗಿದ್ದಾನೆ, ಅವನ ಹಸಿವು ಇನ್ನೊಬ್ಬರ ಮನಸ್ಸಿನೊಳಗೆ ಇಳಿಯೋದು. ಅವಳು ಹುಡುಕ್ತಿರೋ ಕೊಲೆಗಾರನ ಬಗ್ಗೆ ಒಂದು ಸುಳಿವು ಬೇಕಂದ್ರೆ ಒಂದು ನೆನಪು ಕೊಡು ಅಂತಾನೆ. ಹತ್ತು ವರ್ಷದವಳಿದ್ದಾಗ ಅಪ್ಪ ಸತ್ತಿದ್ದು, ಆಮೇಲೆ ಮೊಂಟಾನಾದ ರಾಂಚಲ್ಲಿ ಕೊಲ್ತಿದ್ದ ಕುರಿಮರಿಗಳ ಕೂಗು ಕೇಳಿ ಒಂದು ಮರಿ ಎತ್ಕೊಂಡು ಓಡಿದ್ದು, ಅದು ಎಷ್ಟು ಭಾರ ಇತ್ತು ಅನ್ನೋದು, ಎಲ್ಲಾ ಹೇಳ್ಸಿ ಕೊನೆಗೆ ಥ್ಯಾಂಕ್ಸ್ ಹೇಳ್ತಾನೆ. ಹೊಟ್ಟೆ ತುಂಬಿದವನ ಮುಖ ಅದು.

ಉತ್ತರ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಅವಳ ಎಫ್‌ಬಿಐ ಬಾಸ್ ಕ್ರಾಫರ್ಡ್‌ನ ಲೆಕ್ಟರ್ ಜೊತೆ ಹೋಲಿಸಿ ನೋಡದೇ ಇದ್ರೆ ಅರ್ಧ ಸಿನಿಮಾ ಮಿಸ್ಸಾಗುತ್ತೆ. ಅವನು ಒಳ್ಳೆಯವನೇ, ಆದ್ರೂ ನಿಜವಾದ ಉದ್ದೇಶ ಹೇಳದೇ ಅವಳನ್ನ ಲೆಕ್ಟರ್ ಹತ್ರ ಕಳಿಸ್ತಾನೆ. ವೆಸ್ಟ್ ವರ್ಜೀನಿಯಾದಲ್ಲಿ ಶವ ನೋಡೋಕೆ ಹೋದಾಗ, ಹೆಂಗಸಿನ ಮುಂದೆ ಇದೆಲ್ಲ ಬೇಡ ಅಂತ ಶೆರಿಫ್‌ನ ಬೇರೆ ಕಡೆ ಕರ್ಕೊಂಡು ಹೋಗ್ತಾನೆ, ಅವಳು ಅಷ್ಟೂ ಪೊಲೀಸ್ರ ನಡುವೆ ಒಬ್ಬಳೇ ನಿಂತಿರ್ತಾಳೆ, ಎಲ್ರೂ ಅವಳನ್ನೇ ನೋಡ್ತಿರ್ತಾರೆ. ವಾಪಸ್ ಬರ್ತಾ ಕಾರಲ್ಲಿ ಅದು ಬರೀ ನೆಪ ಕಣಮ್ಮ ಅನ್ನೋ ಥರ ಸಮಾಧಾನ ಮಾಡ್ತಾನೆ. ಅವಳು ಸುಮ್ನಿರಲ್ಲ, ನಿಮ್ಮನ್ನ ನೋಡಿ ಉಳಿದವ್ರು ಕಲೀತಾರೆ ಸರ್, ಅದು ಮುಖ್ಯ ಅಂತಾಳೆ. ಅವನೂ ಒಪ್ಕೋತಾನೆ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಸಮಸಮವಾಗಿ ನಡೆಯೋ ಮಾತು ಅದೊಂದೇ, ಲೆಕ್ಟರ್ ಜೊತೆ ಅಂಥದ್ದು ಒಂದೂ ಇಲ್ಲ.

ಉತ್ತರ:
ಕ್ಯಾಮೆರಾ ಗಮನಿಸಿ. ಅವಳ ಜೊತೆ ಮಾತಾಡೋ ಗಂಡಸ್ರು ನೇರ ಲೆನ್ಸ್ ನೋಡ್ತಾರೆ, ಅವಳು ಸ್ವಲ್ಪ ಪಕ್ಕಕ್ಕೆ ನೋಡ್ತಾಳೆ. ಹಾಗಾಗಿ ಆ ನೋಟಗಳೆಲ್ಲ ನಮ್ಮ ಮೇಲೇ ಬೀಳುತ್ತೆ. ನಿರ್ದೇಶಕ ಜೊನಾಥನ್ ಡೆಮಿ ಬೇಕಂತಲೇ ಮಾಡಿದ್ದು.

ಪ್ರಶ್ನೆ ಕೇಳಿದವರು:
ಕ್ರಾಫರ್ಡ್ ವಿಷಯ ನಾನು ಯೋಚ್ನೆನೇ ಮಾಡಿರ್ಲಿಲ್ಲ, ಈಗ ಹೋಗಿ ಕೊನೆ ಭಾಗ ಮತ್ತೆ ನೋಡ್ದೆ. ಮೆಂಫಿಸ್‌ನಲ್ಲಿ ಅವರ ಕೊನೇ ಭೇಟೀಲಿ ಕೇಸ್ ಫೈಲ್ ವಾಪಸ್ ಕೊಡುವಾಗ ಲೆಕ್ಟರ್ ಬೆರಳು ಅವಳ ಬೆರಳಿಗೆ ತಾಗುತ್ತೆ, ಅವರಿಬ್ರು ಮುಟ್ಟೋದು ಅದೊಂದೇ ಸಲ. ಅವಳ ಟ್ರೈನಿಂಗ್ ಮುಗಿದ ಗ್ರಾಜುಯೇಷನ್ ದಿನ ಕ್ರಾಫರ್ಡ್ ಕೈ ಕುಲುಕ್ತಾನೆ, ಅಲ್ಲೂ ಕೈಗಳದ್ದೇ ಶಾಟ್, ನಿಮ್ಮಪ್ಪ ಹೆಮ್ಮೆ ಪಡ್ತಿದ್ರು ಅಂತಾನೆ. ಅಲ್ಲೇ, ಅಷ್ಟರಲ್ಲಿ ತಪ್ಪಿಸ್ಕೊಂಡಿರೋ ಲೆಕ್ಟರ್ ಫೋನ್ ಕೂಡ ಬರುತ್ತೆ, ಕುರಿಮರಿಗಳ ಕೂಗು ನಿಂತಿತಾ ಅಂತ ಕೇಳ್ತಾನೆ, ಅವಳು ಅದಕ್ಕೆ ಉತ್ತರ ಕೊಡೋದೇ ಇಲ್ಲ. ಎಲ್ಲಿದ್ದೀರಿ ಅಂತಷ್ಟೇ ಕೇಳ್ತಾಳೆ. ಲೈನ್ ಕಟ್ಟಾದ್ಮೇಲೂ ರಿಸೀವರ್ ಹಿಡ್ಕೊಂಡು ಡಾಕ್ಟರ್ ಲೆಕ್ಟರ್, ಡಾಕ್ಟರ್ ಲೆಕ್ಟರ್ ಅಂತಾನೇ ಇರ್ತಾಳೆ.